ಹಲ್ಲುಗಾಲಿಗಳ ಲೆಕ್ಕಾಚಾರ

ಹೊಲದಲ್ಲಿ ಹೂತುಕೊಂಡಿರುವ ಬಂಡೆಯನ್ನು ಒಬ್ಬ ಮನುಷ್ಯ ಬರಿಗೈಯಿಂದ ಕದಲಿಸಲಾರ. ಅದೇ ಮನುಷ್ಯ ಉದ್ದವಾದ ಹಾರೆಯೊಂದನ್ನು ಬಂಡೆಯ ಅಡಿಗೆ ತೂರಿಸಿ, ಹಾರೆಯ ಕೆಳಗೆ ಒಂದು ಚಿಕ್ಕ ಕಲ್ಲನ್ನು ಆನಿಕೆಯಾಗಿಟ್ಟು ಮೀಟಿದರೆ ಬಂಡೆ ಅಲುಗುತ್ತದೆ. ಅವನ ಮೈಯ ಬಲ ಹೆಚ್ಚಿತೇ? ಇಲ್ಲ. ಅವನ ಕೈ ಒಂದು ಮೊಳದಷ್ಟು ಕೆಳಗಿಳಿದಾಗ ಬಂಡೆ ಒಂದೆರಡು ಅಂಗುಲ ಮಾತ್ರ ಮೇಲೇಳುತ್ತದೆ. ಚಲನೆಯಲ್ಲಿ ಬಿಟ್ಟುಕೊಟ್ಟದ್ದನ್ನು ಅವನು ಬಲದಲ್ಲಿ ಪಡೆದುಕೊಂಡನು. ಪ್ರಕೃತಿಯ ಈ ಕೊಡುಕೊಳ್ಳುವಿಕೆಯಲ್ಲಿ ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಬಲ ಬೇಕಾದರೆ ವೇಗವನ್ನು ಬಿಡಬೇಕು. ವೇಗ ಬೇಕಾದರೆ ಬಲವನ್ನು ಬಿಡಬೇಕು. ಮೋಟಾರು ವಾಹನಗಳ ಗೇರು ಈ ಹಳೆಯ ನಿಯಮದ ಹೊಸ ರೂಪ. ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿ ಧಾವಿಸುವ ಪಂದ್ಯದ ಕಾರುಗಳು ಸಹ ಈ ನಿಯಮಕ್ಕೆ ಹೊರತಲ್ಲ. ಎಲ್ಲಿ ಎಷ್ಟು ಬಿಟ್ಟು ಎಲ್ಲಿ ಎಷ್ಟು ಪಡೆಯಬೇಕೆಂಬ ನಿರ್ಧಾರವೇ ಎಷ್ಟೋ ಪಂದ್ಯಗಳಲ್ಲಿ ಗೆಲವು ಸೋಲುಗಳ ನಡುವಣ ಅಂತರವಾಗಿದೆ.

ಬೈಸಿಕಲ್ಲಿನಲ್ಲಿ ಈ ನಿಯಮವನ್ನು ಸುಲಭವಾಗಿ ಕಾಣಬಹುದು. ಪೆಡಲಿಗೆ ಜೋಡಿಸಿದ ದೊಡ್ಡ ಹಲ್ಲುಗಾಲಿಯಲ್ಲಿ 48 ಹಲ್ಲುಗಳೂ ಹಿಂದಿನ ಚಕ್ರದ ಚಿಕ್ಕ ಹಲ್ಲುಗಾಲಿಯಲ್ಲಿ 16 ಹಲ್ಲುಗಳೂ ಇವೆಯೆಂದು ಇಟ್ಟುಕೊಳ್ಳಿ. ಸರಪಳಿಯು ಹಲ್ಲಿಗೆ ಹಲ್ಲಿನಂತೆ ಎಳೆಯುವುದರಿಂದ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಚಕ್ರ ಮೂರು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2 ಮೀಟರಾದರೆ ಸೈಕಲು 6 ಮೀಟರು ಮುಂದಕ್ಕೆ ಸಾಗುತ್ತದೆ. ಹಿಂದಿನ ಹಲ್ಲುಗಾಲಿಯನ್ನು ಬದಲಾಯಿಸಿ 24 ಹಲ್ಲುಗಳದನ್ನು ಹಾಕಿದರೆ, ಚಕ್ರ ಎರಡೇ ಸುತ್ತು ತಿರುಗಿ ಸೈಕಲು 4 ಮೀಟರು ಮಾತ್ರ ಸಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ನಷ್ಟವೇ ಸರಿ. ಆದರೆ ಏರುದಾರಿಯಲ್ಲಿ ಸವಾರನಿಗೆ ಈ ಎರಡನೆಯ ಏರ್ಪಾಡೇ ಹಿತ. ಅದೇ ತುಳಿತಕ್ಕೆ ಚಕ್ರವನ್ನು ನೂಕುವ ಬಲ ಒಂದೂವರೆ ಪಟ್ಟಾಗುತ್ತದೆ. ಎರಡು ಹಲ್ಲುಗಾಲಿಗಳ ಹಲ್ಲುಗಳ ಸಂಖ್ಯೆಗಳಿಗಿರುವ ಈ ಸಂಬಂಧಕ್ಕೆ ಗೇರಿನ ಅನುಪಾತವೆಂದು ಹೆಸರು.

ಕಾರಿನಲ್ಲಿ ಗೇರು ಇನ್ನೂ ಅಗತ್ಯ. ಮನುಷ್ಯನು ನಿಂತ ನಿಲುವಿನಲ್ಲಿಯೇ ಪೂರ್ಣ ಬಲ ಹಾಕಿ ಪೆಡಲನ್ನು ತುಳಿಯಬಲ್ಲನು. ಪೆಟ್ರೋಲ್ ಎಂಜಿನ್ನಿಗೆ ಅದು ಸಾಧ್ಯವಿಲ್ಲ. ಅದು ತಿರುಗುತ್ತಿರುವಾಗಲಷ್ಟೇ ಬಲ ಕೊಡಬಲ್ಲುದು. ತೀರ ನಿಧಾನವಾಗಿ ತಿರುಗಿಸಿದರೆ ನಿಂತೇ ಹೋಗುತ್ತದೆ. ಎಂಜಿನ್ನಿನ ತಿರುಗಿಸುವ ಬಲ, ಅದು ತಿರುಗುವ ವೇಗ, ಇವೆರಡೂ ಸೇರಿ ಅದರ ಸಾಮರ್ಥ್ಯವಾಗುತ್ತದೆ. ಇದನ್ನು ಅಶ್ವಶಕ್ತಿಯಲ್ಲಿ ಅಳೆಯುವುದು ರೂಢಿ. ದಿನಬಳಕೆಯ ಕಾರಿನ ಎಂಜಿನ್ನು ಸಾಕಷ್ಟು ವಿಸ್ತಾರವಾದ ವೇಗಮಿತಿಯೊಳಗೆ ಸುಸೂತ್ರವಾಗಿ ಕೆಲಸ ಮಾಡುತ್ತದೆ. ಹಿಂದಿನ ಕಾಲದ ಪಂದ್ಯದ ಎಂಜಿನ್ನುಗಳಾದರೋ ಹಾಗಲ್ಲ. ಅತ್ಯಧಿಕ ಸಾಮರ್ಥ್ಯವನ್ನು ಹೊರಡಿಸುವುದಕ್ಕಾಗಿಯೇ ರಚಿತವಾದ ಅವು ನಿಮಿಷಕ್ಕೆ, ಉದಾಹರಣೆಗೆ, 7000ದಿಂದ 9000 ಸುತ್ತುಗಳವರೆಗಿನ ಕಿರಿದಾದ ಅವಧಿಯಲ್ಲಿ ಮಾತ್ರ ತಮ್ಮ ಪೂರ್ಣ ಸತ್ವವನ್ನು ತೋರುತ್ತಿದ್ದವು. ಅದಕ್ಕಿಂತ ಕೆಳಗೆ ಅವು ನಿಸ್ಸತ್ವ. ಅದಕ್ಕಿಂತ ಮೇಲೆ ಹೋದರೆ ಒಳಗಿನ ಕವಾಟಗಳು ಮುರಿದು ಎಂಜಿನ್ನೇ ನಾಶವಾಗುವ ಭಯ. ಕಾರು ಆಮೆಯಂತೆ ತಿರುವಿನಲ್ಲಿ ಹೊರಳುತ್ತಿರಲಿ, ಬಾಣದಂತೆ ನೇರ ಹಾದಿಯಲ್ಲಿ ಹಾರುತ್ತಿರಲಿ, ಎಂಜಿನ್ನನ್ನು ಈ ಕಿರಿದಾದ ಅವಧಿಯಲ್ಲಿಯೇ ಇರಿಸಬೇಕು. ಈ ಹೊಣೆ ಗೇರುಪೆಟ್ಟಿಗೆಯದು.

ಎಂಜಿನ್ನಿನ ಚಲನೆ ಚಕ್ರಗಳಿಗೆ ತಲಪುವ ಮುನ್ನ ಎರಡು ಬಾರಿ ನಿಧಾನಗೊಳ್ಳುತ್ತದೆ. ಮೊದಲನೆಯದು ಗೇರುಪೆಟ್ಟಿಗೆಯಲ್ಲಿ, ಚಾಲಕನು ಆರಿಸಿದ ಹಲ್ಲುಗಾಲಿಗಳ ಜೋಡಿಯಿಂದ. ಎರಡನೆಯದು ಹಿಂದಿನ ಅಚ್ಚಿನ ಬಳಿ ಸ್ಥಿರವಾಗಿರುವ ಕೊನೆಯ ಜೋಡಿಯಿಂದ. ಇವೆರಡರ ಅನುಪಾತಗಳನ್ನು ಗುಣಿಸಿದರೆ ಒಟ್ಟು ಅನುಪಾತ ದೊರೆಯುತ್ತದೆ. ಒಂದು ಪಂದ್ಯದ ಕಾರಿನ ಎಂಜಿನ್ನು ನಿಮಿಷಕ್ಕೆ ಹೆಚ್ಚೆಂದರೆ 9000 ಸುತ್ತು ತಿರುಗಬಹುದೆಂದೂ ಅದರ ಹಿಂದಿನ ಚಕ್ರದ ಸುತ್ತಳತೆ 2 ಮೀಟರೆಂದೂ ಊಹಿಸಿಕೊಳ್ಳಿ. ಈ ಕಾರು ಗಂಟೆಗೆ 300 ಕಿಲೋಮೀಟರು ಓಡಬೇಕಾದರೆ ನಿಮಿಷಕ್ಕೆ 5000 ಮೀಟರು ಸಾಗಬೇಕು. ಎಂದರೆ ಚಕ್ರ ನಿಮಿಷಕ್ಕೆ 2500 ಸುತ್ತು ತಿರುಗಬೇಕು. 9000ವನ್ನು 2500ರಿಂದ ಭಾಗಿಸಿದರೆ 3.6 ಬರುತ್ತದೆ. ಎಂಜಿನ್ನು 3.6 ಸುತ್ತು ತಿರುಗುವಾಗ ಚಕ್ರ ಒಂದು ಸುತ್ತು ತಿರುಗಬೇಕೆಂದಾಯಿತು. ಕೊನೆಯ ಜೋಡಿಯ ಅನುಪಾತ 3 ಆಗಿದ್ದರೆ, ಅತಿ ಮೇಲಿನ ಗೇರಿನ ಅನುಪಾತ 1.2 ಆಗಿರಬೇಕು. 30 ಹಲ್ಲುಗಳ ಗಾಲಿಯೊಂದು 36 ಹಲ್ಲುಗಳ ಗಾಲಿಯನ್ನು ತಿರುಗಿಸಿದರೆ ಈ ಅನುಪಾತ ಸಿದ್ಧಿಸುತ್ತದೆ.

ಇಷ್ಟೇ ಆಗಿದ್ದರೆ ಲೆಕ್ಕ ಒಮ್ಮೆ ಮಾಡಿ ಮುಗಿಸಬಹುದಾಗಿತ್ತು. ಆದರೆ ಓಟದ ಪಥಗಳೆಲ್ಲ ಒಂದೇ ಬಗೆಯವಲ್ಲ. ಇಟಲಿಯ ಮಿಲಾನ್ ನಗರದ ಬಳಿ, ಹಿಂದೆ ಅರಸರದಾಗಿದ್ದ ಉದ್ಯಾನವೊಂದರಲ್ಲಿ, 1922ರಲ್ಲಿ ನಿರ್ಮಿತವಾದ ಮೊಂಜಾ ಪಥವು ಉದ್ದವಾದ ನೇರ ಹಾದಿಗಳಿಗೆ ಹೆಸರಾಗಿದೆ. ಮೆಡಿಟರೇನಿಯನ್ ಕಡಲ ತೀರದ ಪುಟ್ಟ ರಾಜ್ಯವಾದ ಮೊನಾಕೊದಲ್ಲಿ 1929ರಿಂದ ನಡೆದುಬಂದಿರುವ ಪಂದ್ಯವಾದರೋ ಊರಿನ ಬೀದಿಗಳಲ್ಲಿಯೇ ಜರಗುತ್ತದೆ. ಅಲ್ಲಿ ಏರಿಳಿತಗಳೂ ಕಿರುದಾರಿಗಳೂ ಹೆಚ್ಚು. ಹೋಟೆಲೊಂದರ ಮುಂದಿನ ಒಂದು ತಿರುವಿನಲ್ಲಿ ಕಾರುಗಳು ಗಂಟೆಗೆ ಸುಮಾರು 50 ಕಿಲೋಮೀಟರಿಗೆ ಇಳಿಯಬೇಕಾಗುತ್ತದೆ. ಅಂಥ ಪಥದಲ್ಲಿ ಮೇಲೆ ಹೇಳಿದ ಕಾರಿಗೆ ಗಂಟೆಗೆ 240 ಕಿಲೋಮೀಟರಿಗಿಂತ ಹೆಚ್ಚಿನ ವೇಗಕ್ಕೆ ಎಡೆಯೇ ಇಲ್ಲವೆಂದುಕೊಳ್ಳಿ. ಆಗ ಚಕ್ರ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸಾಕು. ಒಟ್ಟು ಅನುಪಾತವನ್ನು 4.5ಕ್ಕೆ ಏರಿಸಬಹುದು. ಇದರ ಲಾಭವೇನು? ಅದೇ ಎಂಜಿನ್ನು, ಅದೇ ಬಲ. ಆದರೆ ಚಕ್ರವನ್ನು ನೂಕುವ ಬಲ ನಾಲ್ಕನೆಯ ಒಂದು ಪಾಲು ಹೆಚ್ಚು. ತಿರುವಿನಿಂದ ತಿರುವಿಗೆ ಚಿಮ್ಮಬೇಕಾದ ಬೀದಿಯ ಪಂದ್ಯದಲ್ಲಿ ಇದು ಅಲ್ಪ ಲಾಭವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಮೇಲಿನ ಗೇರಿಗೆ ಚೆನ್ನಾಗಿ ಒಪ್ಪುತ್ತದೆ. ಪಥದ ಅತಿ ಉದ್ದನೆಯ ನೇರ ಹಾದಿ ಮುಗಿಯುವ ವೇಳೆಗೆ ಎಂಜಿನ್ನು ತನ್ನ ಮಿತಿಯನ್ನು ಮುಟ್ಟುವಂತಿರಬೇಕು. ಅದಕ್ಕೆ ಮುಂಚೆಯೂ ಕೂಡದು, ಮುಟ್ಟದೆ ಉಳಿಯಲೂ ಕೂಡದು.

ಲೆಕ್ಕ ತಪ್ಪಿದರೆ ಏನಾಗುತ್ತದೆ? ಮೊನಾಕೊದ ಗೇರನ್ನು ಮೊಂಜಾದಲ್ಲಿ ಬಳಸಿದರೆ, ನೇರ ಹಾದಿಯ ನಡುವಿನಲ್ಲಿಯೇ ಎಂಜಿನ್ನು 9000 ಸುತ್ತುಗಳನ್ನು ಮುಟ್ಟಿಬಿಡುತ್ತದೆ. ಕಾರು 240 ಕಿಲೋಮೀಟರಿನಲ್ಲಿ ತಡೆದು ನಿಲ್ಲುತ್ತದೆ. ಎದುರಾಳಿಗಳು ಒಬ್ಬೊಬ್ಬರಾಗಿ ದಾಟಿ ಹೋಗುತ್ತಾರೆ. ಚಾಲಕನು ಆತುರದಿಂದ ಇನ್ನೂ ಒತ್ತಿದರೆ ಎಂಜಿನ್ನು ಒಡೆಯಬಹುದು. ಮೊಂಜಾದ ಗೇರನ್ನು ಮೊನಾಕೊದಲ್ಲಿ ಬಳಸಿದರೆ ಎಂಜಿನ್ನಿಗೆ ಅಪಾಯವೇನೂ ಇಲ್ಲ. ಆದರೆ ಅದು ತನ್ನ ಸತ್ವದ ಅವಧಿಯನ್ನು ಚೆನ್ನಾಗಿ ಮುಟ್ಟುವುದರೊಳಗೆ ಮುಂದಿನ ತಿರುವು ಬಂದಿರುತ್ತದೆ. ಮೊದಲನೆಯದು ಎಲ್ಲರಿಗೂ ಕಾಣುವ ತಪ್ಪು. ಎರಡನೆಯದು ಕಣ್ಣಿಗೆ ಕಾಣದೆ ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಸ್ವಲ್ಪ ಕಾಲವನ್ನು ನುಂಗುವ ತಪ್ಪು.

ಅತಿ ಮೇಲಿನ ಗೇರನ್ನು ನಿರ್ಧರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಗೇರಿನಿಂದ ಇನ್ನೊಂದಕ್ಕೆ ಇರುವ ಅಂತರವೂ ಮುಖ್ಯ. 1.5 ಅನುಪಾತದ ಗೇರಿನಲ್ಲಿ 9000 ಸುತ್ತುಗಳನ್ನು ಮುಟ್ಟಿ 1.2ಕ್ಕೆ ಬದಲಾಯಿಸಿದರೆ ಎಂಜಿನ್ನಿನ ವೇಗ 7200ಕ್ಕೆ ಇಳಿಯುತ್ತದೆ. ಅದು ಇನ್ನೂ ಸತ್ವದ ಅವಧಿಯೊಳಗೇ ಇರುವುದರಿಂದ ಕಾರು ಮತ್ತೆ ಮುನ್ನುಗ್ಗುತ್ತದೆ. 1.8ರಿಂದ ನೇರವಾಗಿ 1.2ಕ್ಕೆ ಹಾರಿದರೆ 6000ಕ್ಕೆ ಕುಸಿಯುತ್ತದೆ. ಎಂಜಿನ್ನು ಏದುಸಿರು ಬಿಡತೊಡಗುತ್ತದೆ. ಹಾಗಾದರೆ ಎಲ್ಲ ಅಂತರಗಳೂ ಸಮನಾಗಿರಬೇಕೇ? ಅದೂ ಅಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಅದನ್ನು ಭೇದಿಸಲು ಬೇಕಾದ ಸಾಮರ್ಥ್ಯ ಎಂಟು ಮಡಿ. ಕಡಮೆ ವೇಗದಲ್ಲಿ ಎಂಜಿನ್ನಿನ ಬಲ ಮಿಕ್ಕಿರುವುದರಿಂದ ಗೇರುಗಳ ನಡುವೆ ಅಂತರ ಹೆಚ್ಚಿದ್ದರೂ ನಡೆಯುತ್ತದೆ. ಹೆಚ್ಚು ವೇಗದಲ್ಲಿ ಮಿಗುವ ಬಲ ಅತ್ಯಲ್ಪ. ಅಲ್ಲಿ ಒಮ್ಮೆ ಕುಸಿದ ಎಂಜಿನ್ನು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದ ಕೆಳಗಿನ ಗೇರುಗಳನ್ನು ದೂರ ದೂರವಾಗಿಯೂ ಮೇಲಿನವುಗಳನ್ನು ಒತ್ತೊತ್ತಾಗಿಯೂ ಜೋಡಿಸುವುದು ವಾಡಿಕೆ.

ಇದರ ಜೊತೆಗೆ ತಿರುವುಗಳ ವಿಚಾರವನ್ನೂ ಗಮನಿಸಬೇಕು. ಕೈಯಿಂದ ಗೇರು ಬದಲಾಯಿಸುತ್ತಿದ್ದ ಕಾಲದಲ್ಲಿ ಪ್ರತಿ ಬದಲಾವಣೆಗೂ ಒಂದು ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಭಾಗದಷ್ಟು ಕಾಲ ಹಿಡಿಯುತ್ತಿತ್ತು. ಅಷ್ಟು ಹೊತ್ತು ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತಿತ್ತು. ತಿರುವಿನ ನಡುವೆ, ಕಾರು ಜಾರುವಿಕೆಯ ಅಂಚಿನಲ್ಲಿರುವಾಗ ಗೇರು ಬದಲಾಯಿಸಬೇಕಾಗಿ ಬಂದರೆ ಕಾಲನಷ್ಟದ ಜೊತೆಗೆ ಹತೋಟಿ ತಪ್ಪುವ ಭಯವೂ ಇತ್ತು. ಆದಕಾರಣ ಮುಖ್ಯವಾದ ತಿರುವನ್ನು ಪ್ರವೇಶಿಸಿದ ಗೇರಿನಲ್ಲಿಯೇ ಅದರಿಂದ ಹೊರಬರುವಂತೆ ಅನುಪಾತಗಳನ್ನು ಆರಿಸಲು ತಂಡಗಳು ಯತ್ನಿಸುತ್ತಿದ್ದವು. ಒಂದು ತಿರುವಿಗೆ ಹೊಂದಿಸಿದ ಗೇರು ಮತ್ತೊಂದಕ್ಕೆ ಹೊಂದದೆ ಇರಬಹುದು. ಯಾವ ತಿರುವಿನ ನಂತರ ಉದ್ದವಾದ ನೇರ ಹಾದಿ ಇದೆಯೋ ಆ ತಿರುವಿಗೇ ಸಾಮಾನ್ಯವಾಗಿ ಮೊದಲ ಮನ್ನಣೆ. ಅಲ್ಲಿ ಗಳಿಸಿದ ಒಂದಿಷ್ಟು ವೇಗ ನೇರ ಹಾದಿಯ ಉದ್ದಕ್ಕೂ ಫಲ ಕೊಡುತ್ತದೆ.

ಪಂದ್ಯದಿಂದ ಪಂದ್ಯಕ್ಕೆ ಗೇರುಗಳನ್ನು ಬದಲಾಯಿಸಬೇಕಾದರೆ ಅದಕ್ಕೆ ತಕ್ಕ ಗೇರುಪೆಟ್ಟಿಗೆ ಬೇಕು. ಇಂಗ್ಲೆಂಡಿನ ಮೇಡನ್‌ಹೆಡ್ ಎಂಬಲ್ಲಿ 1957ರಲ್ಲಿ ತಮ್ಮ ಕಾರ್ಯಾಗಾರವನ್ನು ಸ್ಥಾಪಿಸಿದ ಮೈಕ್ ಹ್ಯೂಲೆಂಡ್ ಅವರು ಇಂಥ ಪೆಟ್ಟಿಗೆಗಳಿಗೆ ಪ್ರಸಿದ್ಧರಾದರು. ಅವರ ಪೆಟ್ಟಿಗೆಯು ಹಿಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ ಚಾಚಿಕೊಂಡಿರುತ್ತಿತ್ತು. ಎಂಜಿನ್ನನ್ನು ಇಳಿಸುವ ಗೋಜಿಲ್ಲದೆ, ಹಿಂಬದಿಯ ಮುಚ್ಚಳವನ್ನು ತೆರೆದು ಹಲ್ಲುಗಾಲಿಗಳನ್ನು ಹೊರತೆಗೆದು ಬೇರೆ ಜೋಡಿಗಳನ್ನು ಕೂಡಿಸಬಹುದಾಗಿತ್ತು. ತಂಡಗಳು ತಮ್ಮ ಸಾಮಾನುಗಳ ಜೊತೆಗೆ ಹಲವಾರು ಜೋಡಿ ಹಲ್ಲುಗಾಲಿಗಳನ್ನು ಹೊತ್ತು ಊರಿಂದ ಊರಿಗೆ ಸಂಚರಿಸುತ್ತಿದ್ದವು. ಹಿಂದಿನ ವರ್ಷಗಳ ಟಿಪ್ಪಣಿಗಳನ್ನು ನೋಡಿ ಮೊದಲ ಆಯ್ಕೆ ಮಾಡುತ್ತಿದ್ದರು. ಅಭ್ಯಾಸದ ಓಟದಲ್ಲಿ ಚಾಲಕನು ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮುಳ್ಳನ್ನು ಗಮನಿಸಿ, ಯಾವ ಎಡೆಯಲ್ಲಿ ಅದು ಎಷ್ಟನ್ನು ತೋರಿಸಿತೆಂದು ಬಂದು ಹೇಳುತ್ತಿದ್ದನು. ನೇರ ಹಾದಿಯ ಕೊನೆಯಲ್ಲಿ ಮುಳ್ಳು ಮಿತಿಗಿಂತ ಕೆಳಗೇ ಉಳಿದಿದ್ದರೆ ಗೇರನ್ನು ಗಿಡ್ಡವಾಗಿಸಬೇಕು. ಬೇಗನೆ ಮಿತಿ ಮುಟ್ಟಿದ್ದರೆ ಉದ್ದವಾಗಿಸಬೇಕು. ಎಂಜಿನ್ನಿನ ಸುತ್ತುಗಳಿಗೂ ಕಾರಿನ ವೇಗಕ್ಕೂ ಇರುವ ಸಂಬಂಧವನ್ನು ಓರೆಗೆರೆಗಳಲ್ಲಿ ತೋರಿಸುವ ನಕ್ಷೆಯೊಂದು ಈ ಕೆಲಸಕ್ಕೆ ಆಧಾರವಾಗಿತ್ತು. ನಿರ್ಧಾರವಾದ ಮೇಲೆ ಮೆಕ್ಯಾನಿಕ್‌ಗಳು ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು.

ಅಭ್ಯಾಸದಲ್ಲಿ ಸರಿಯೆನಿಸಿದ ಗೇರು ಪಂದ್ಯದಲ್ಲಿ ಸರಿಯಾಗದಿರುವುದೂ ಉಂಟು. ಎದುರುಗಾಳಿ ಬೀಸಿದರೆ ಕಾರು ಎಣಿಸಿದ ವೇಗವನ್ನು ಮುಟ್ಟಲಾರದು. ಗಾಳಿ ಬೆನ್ನಿಗೆ ತಿರುಗಿದರೆ ಎಂಜಿನ್ನು ಮಿತಿಯನ್ನು ಮೀರಬಹುದು. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನ ಹಿಂದೆ ತಡೆ ಕಡಮೆಯಾಗುತ್ತದೆ. ಆ ಮರೆಯಲ್ಲಿ ಓಡುವ ಕಾರು ಒಂಟಿಯಾಗಿ ಓಡುವಾಗಿನದಕ್ಕಿಂತ ಹೆಚ್ಚು ವೇಗ ಪಡೆಯುತ್ತದೆ. ಒಂಟಿ ಓಟಕ್ಕೆ ಸರಿಯಾಗಿ ಹೊಂದಿಸಿದ ಗೇರು ಅಲ್ಲಿ ಗಿಡ್ಡವಾಗಿಬಿಡುತ್ತದೆ. ಹೀಗಾಗಿ ಗೇರನ್ನು ಆರಿಸುವವರು ತಮ್ಮ ಕಾರನ್ನು ಮಾತ್ರವಲ್ಲದೆ ಇತರರ ಕಾರುಗಳನ್ನೂ ಪಂದ್ಯವು ನಡೆಯಬಹುದಾದ ಬಗೆಯನ್ನೂ ಮುಂದಾಗಿ ಯೋಚಿಸಬೇಕಾಗಿತ್ತು.

ಇಂಥ ಮುಂದಾಲೋಚನೆಗೆ 1969ರ ಸೆಪ್ಟೆಂಬರ್ 7ರಂದು ಮೊಂಜಾದಲ್ಲಿ ನಡೆದ ಇಟಲಿಯ ಮಹಾಪಂದ್ಯ ಶ್ರೇಷ್ಠ ನಿದರ್ಶನ. ಆಗ ಆ ಪಥದ ವೇಗವನ್ನು ತಗ್ಗಿಸುವ ಅಡ್ಡತಿರುವುಗಳಿನ್ನೂ ಬಂದಿರಲಿಲ್ಲ. ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ಗುಂಪಾಗಿ ಓಡುತ್ತಿದ್ದವು. ಸ್ಕಾಟ್ಲೆಂಡಿನ ಜ್ಯಾಕಿ ಸ್ಟೂವರ್ಟ್, ಆಸ್ಟ್ರಿಯಾದ ಪರವಾಗಿ ಓಡುತ್ತಿದ್ದ ಯೋಖೆನ್ ರಿಂಟ್, ಫ್ರಾನ್ಸಿನ ಝಾನ್ ಪಿಯೆರ್ ಬೆಲ್ತ್ವಾಸ್, ನ್ಯೂಜಿಲೆಂಡಿನ ಬ್ರೂಸ್ ಮ್ಯಾಕ್‌ಲಾರೆನ್ ಇವರ ಕಾರುಗಳೆಲ್ಲ ಒಂದೇ ತಯಾರಕರವಲ್ಲ. ಆದರೆ ನಾಲ್ಕರಲ್ಲಿಯೂ ಇದ್ದುದು ಕೀತ್ ಡಕ್‌ವರ್ತ್ ರೂಪಿಸಿದ, 1967ರಲ್ಲಿ ಬಳಕೆಗೆ ಬಂದ, ನಾನೂರಕ್ಕೂ ಹೆಚ್ಚು ಅಶ್ವಶಕ್ತಿಯ ಫೋರ್ಡ್ ಕಾಸ್‌ವರ್ತ್ ಎಂಜಿನ್ನೇ. ಬಲದಲ್ಲಿ ಯಾರೂ ಯಾರಿಗೂ ಬಹಳ ಮೇಲಲ್ಲ. ಪಂದ್ಯವು ಕೊನೆಯ ಸುತ್ತಿನ ಕೊನೆಯ ತಿರುವಾದ ಪಾರಬೋಲಿಕಾದಿಂದ ಗೆಲವಿನ ಗೆರೆಯವರೆಗಿನ ನೇರ ಹಾದಿಯಲ್ಲಿಯೇ ತೀರ್ಮಾನವಾಗಬಹುದೆಂದು ಸ್ಟೂವರ್ಟ್ ಮತ್ತು ಅವರ ತಂಡದ ನಾಯಕರಾದ ಕೆನ್ ಟಿರೆಲ್ ಮೊದಲೇ ಊಹಿಸಿದ್ದರು. ಆ ತಿರುವಿನಿಂದ ಹೊರಬಿದ್ದು ಗೆರೆಯನ್ನು ದಾಟುವವರೆಗೆ ಗೇರು ಬದಲಾಯಿಸುವ ಪ್ರಮೇಯವೇ ಬಾರದಂತಹ ಅನುಪಾತವೊಂದನ್ನು ಅವರು ಆರಿಸಿಕೊಂಡರು.

ಅವರ ಊಹೆ ನಿಜವಾಯಿತು. 68 ಸುತ್ತುಗಳ ಪಂದ್ಯದ ಕೊನೆಯ ಸುತ್ತಿನಲ್ಲಿ ಬೆಲ್ತ್ವಾಸ್ ತಡವಾಗಿ ಬ್ರೇಕು ಹಾಕಿ ಪಾರಬೋಲಿಕಾದೊಳಕ್ಕೆ ಎಲ್ಲರಿಗಿಂತ ಮುಂದಾಗಿ ನುಗ್ಗಿದರು. ವೇಗ ಹೆಚ್ಚಾಗಿದ್ದುದರಿಂದ ಹೊರಬದಿಗೆ ಸರಿದುಹೋದರು. ಸ್ಟೂವರ್ಟ್ ಮತ್ತು ರಿಂಟ್ ಅಕ್ಕಪಕ್ಕದಲ್ಲಿಯೇ ತಿರುವಿನಿಂದ ಹೊರಬಂದರು. ಸ್ಟೂವರ್ಟ್ ಗೇರಿನ ಹಿಡಿಯನ್ನು ಮುಟ್ಟದೆ ನೇರವಾಗಿ ಗೆರೆಯತ್ತ ಧಾವಿಸಿದರು. ರಿಂಟ್‌ಗಿಂತ ಅವರು ಮುಂದಿದ್ದುದು 0.08 ಸೆಕೆಂಡು. ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ ಇದು ಸುಮಾರು 5 ಮೀಟರು, ಒಂದು ಕಾರಿನ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಮೊದಲನೆಯ ಕಾರಿಗೂ ನಾಲ್ಕನೆಯ ಕಾರಿಗೂ ಇದ್ದ ಅಂತರ 0.19 ಸೆಕೆಂಡು. ಒಂದು ಸಲ ಗೇರು ಬದಲಾಯಿಸಲು ಬೇಕಾಗುತ್ತಿದ್ದ ಕಾಲದಲ್ಲಿ ನಾಲ್ವರೂ ಗೆರೆಯನ್ನು ದಾಟಿಹೋಗಿದ್ದರು. ಆ ದಿನದ ಗೆಲವಿನಿಂದ ಸ್ಟೂವರ್ಟ್ ಪ್ರಥಮ ಬಾರಿಗೆ ವಿಶ್ವ ಚಾಂಪಿಯನ್ ಪದವಿಯನ್ನು ಪಡೆದರು. ಹಲ್ಲುಗಾಲಿಯೊಂದೇ ಅವರನ್ನು ಗೆಲ್ಲಿಸಿತೆನ್ನುವುದು ಅತಿಶಯೋಕ್ತಿ; ಚಾಲನೆಯ ಕೌಶಲ ಅವರದೇ. ಆದರೆ ಆ ಕೌಶಲಕ್ಕೆ ಕೊನೆಯ ಕೆಲವು ನೂರು ಮೀಟರುಗಳಲ್ಲಿ ಅಡ್ಡಿ ಬಾರದಂತೆ ನೋಡಿಕೊಂಡದ್ದು ಮೊದಲೇ ಮಾಡಿಟ್ಟ ಲೆಕ್ಕ.

ವೇಗಕ್ಕಾಗಿ ಮಾಡುವ ಆಯ್ಕೆಗಳು ಎಷ್ಟು ಗುರುತರವಾದವೆಂಬುದನ್ನು ಮರುವರ್ಷವೇ ಅದೇ ಪಥವು ತೋರಿಸಿತು. ಕಾರುಗಳನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಗಳು ಆ ವೇಳೆಗೆ ಬಳಕೆಗೆ ಬಂದಿದ್ದವು. ರೆಕ್ಕೆಗಳಿಂದ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ; ಆದರೆ ಗಾಳಿಯ ತಡೆಯೂ ಹೆಚ್ಚುತ್ತದೆ. 1970ರಲ್ಲಿ ಮೊಂಜಾದ ಅಭ್ಯಾಸದ ವೇಳೆ ರಿಂಟ್ ಅವರ ಲೋಟಸ್ ಕಾರಿನ ರೆಕ್ಕೆಗಳನ್ನು ಕಳಚಲಾಗಿತ್ತು. ತಡೆ ಕಡಮೆಯಾದುದರಿಂದ ದೊರೆತ ವೇಗವನ್ನು ಬಳಸಿಕೊಳ್ಳಲು ಇನ್ನೂ ಉದ್ದವಾದ ಗೇರನ್ನು ಹಾಕಲಾಗಿತ್ತು. ಸೆಪ್ಟೆಂಬರ್ 5ರಂದು ಪಾರಬೋಲಿಕಾವನ್ನು ಸಮೀಪಿಸಿ ಬ್ರೇಕು ಹಾಕುವಾಗ ಕಾರು ಹತೋಟಿ ತಪ್ಪಿ ರಕ್ಷಣಾ ಬೇಲಿಗೆ ಅಪ್ಪಳಿಸಿತು, ರಿಂಟ್ ಮೃತರಾದರು. ಆ ವರ್ಷ ಅದುವರೆಗೆ ಅವರು ಗಳಿಸಿದ್ದ ಅಂಕಗಳನ್ನು ಉಳಿದ ಯಾರೂ ಮೀರಲಾರದೆ, ಮರಣಾನಂತರ ವಿಶ್ವ ಚಾಂಪಿಯನ್ ಎನಿಸಿದರು. ಮುಂದಿನ ಚಕ್ರದ ಬ್ರೇಕಿನ ದಂಡ ಮುರಿದುದೇ ಅಪಘಾತಕ್ಕೆ ಮೊದಲೆಂದು ತನಿಖೆ ಹೇಳಿತು. ಬೇಲಿಯನ್ನು ಸರಿಯಾಗಿ ನಿಲ್ಲಿಸದಿದ್ದುದೂ ಬೆಳಕಿಗೆ ಬಂದಿತು. ಗೇರಿನ ಆಯ್ಕೆ ದುರಂತಕ್ಕೆ ಕಾರಣವಾಗಿರಲಿಲ್ಲ. ಆದರೂ ಗೇರು, ರೆಕ್ಕೆ, ಬ್ರೇಕು, ಪಥ ಇವು ಬಿಡಿ ಬಿಡಿಯಾದ ಸಂಗತಿಗಳಲ್ಲವೆಂಬುದನ್ನು ಈ ಘಟನೆ ನೆನಪಿಸುತ್ತದೆ. ಒಂದೆಡೆ ವೇಗ ಹೆಚ್ಚಿದರೆ ಉಳಿದ ಭಾಗಗಳೆಲ್ಲ ಅದರ ಭಾರವನ್ನು ಹೊರಬೇಕು. ಆ ಭಾರದ ಕೆಳಗೆ ಒಬ್ಬ ಮನುಷ್ಯ ಕುಳಿತಿರುತ್ತಾನೆ.

ಕಾಲಕ್ರಮದಲ್ಲಿ ಲೆಕ್ಕ ಮಾಡುವ ಬಗೆ ಬದಲಾಯಿತು. ಚಾಲಕನ ನೆನಪು ಮತ್ತು ಕಾಗದದ ನಕ್ಷೆಗಳ ಸ್ಥಾನವನ್ನು ಕಾರಿನೊಳಗಿನ ಅಳತೆಯ ಉಪಕರಣಗಳೂ ಕಂಪ್ಯೂಟರುಗಳೂ ತೆಗೆದುಕೊಂಡವು. ಗೇರು ಬದಲಾವಣೆಯೂ ಹಿಡಿಯನ್ನು ಬಿಟ್ಟು ಚಾಲನಚಕ್ರದ ಹಿಂದಿರುವ ಪಟ್ಟಿಗಳಿಗೆ ಬಂದಿತು. 2014ರಲ್ಲಿ ಫಾರ್ಮುಲಾ ಒಂದು ಪಂದ್ಯಗಳ ನಿಯಮವೇ ಬೇರೆಯಾಯಿತು. ಅಲ್ಲಿಂದ ಮುಂದೆ ಪಂದ್ಯದಿಂದ ಪಂದ್ಯಕ್ಕೆ ಅನುಪಾತಗಳನ್ನು ಬದಲಾಯಿಸುವಂತಿಲ್ಲ. ಎಂಟು ಗೇರುಗಳ ಅನುಪಾತಗಳನ್ನು ವರ್ಷದ ಆರಂಭಕ್ಕೆ ಮುನ್ನವೇ ಘೋಷಿಸಬೇಕು. ಆ ಮೊದಲ ವರ್ಷ ಮಾತ್ರ ಒಂದು ಸಲ ತಿದ್ದಿಕೊಳ್ಳಲು ಅವಕಾಶವಿತ್ತು. ಅದೇ ವರ್ಷ ಬಂದ ಹೊಸ ಎಂಜಿನ್ನುಗಳು ವಿದ್ಯುತ್ ಮೋಟಾರುಗಳ ನೆರವಿನೊಡನೆ ವಿಶಾಲವಾದ ಅವಧಿಯಲ್ಲಿ ಬಲ ಕೊಡಬಲ್ಲವಾದುದರಿಂದ ಈ ನಿಯಮವನ್ನು ಪಾಲಿಸುವುದು ಸಾಧ್ಯವಾಯಿತು. ಹೀಗೆ ಮೊನಾಕೊದ ಬೀದಿಗೂ ಮೊಂಜಾದ ನೇರ ಹಾದಿಗೂ ಒಂದೇ ಹಲ್ಲುಗಾಲಿಗಳ ತಂಡ ಸಾಲಬೇಕಾಯಿತು. ಹಿಂದೆ ಒಂದು ಪಥಕ್ಕೆ ಮಾಡುತ್ತಿದ್ದ ಹೊಂದಾಣಿಕೆಯನ್ನು ಇಡೀ ವರ್ಷದ ಪಥಗಳಿಗೆ ಮಾಡಬೇಕಾಗಿದೆ. ಒಂದೆಡೆ ತುಸು ನಷ್ಟವನ್ನು ಒಪ್ಪಿಕೊಂಡು ಇನ್ನೊಂದೆಡೆ ಲಾಭವನ್ನು ಅರಸಬೇಕಾಗಿದೆ.

ಹಲ್ಲುಗಾಲಿಗಳು ಎಂಜಿನ್ನಿನ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯನ್ನೂ ಕೂಡಿಸಲಾರವು. ತಿಕ್ಕಾಟದಲ್ಲಿ ಅಷ್ಟಿಷ್ಟನ್ನು ಕಳೆಯುತ್ತವೆ ಕೂಡ. ಇದ್ದ ಬಲವನ್ನು ಹಾದಿಗೆ ತಕ್ಕಂತೆ ಹಂಚುವುದಷ್ಟೇ ಅವುಗಳ ಕೆಲಸ. ಹಾಗೆ ಹಂಚಬೇಕಾದರೆ ಹಾದಿಯನ್ನು ಮೊದಲು ಅರಿತಿರಬೇಕು: ಎಲ್ಲಿ ತಿರುವಿದೆ, ಎಲ್ಲಿ ಏರಿದೆ, ನೇರ ಹಾದಿ ಎಲ್ಲಿ ಮುಗಿಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಗೆಲವಿನ ಗೆರೆ ಎಷ್ಟು ದೂರವಿದೆ. ಇವೆಲ್ಲವನ್ನೂ ತಿಳಿದವನಿಗೆ ಎದುರಾಳಿಯಷ್ಟೇ ಬಲವಿದ್ದರೂ ಸಾಕು. ತಿಳಿಯದವನಿಗೆ ಹೆಚ್ಚಿನ ಬಲವಿದ್ದರೂ ಅದು ಬೇಕಾದ ಎಡೆಯಲ್ಲಿ ಒದಗಿಬರುವುದಿಲ್ಲ.